ಅತ್ತರೆ ಹತ್ತುವ ಬಲ್ಬು

ಕೂಡ್ಲಿಗಿ
೧೨ ಜೂನ್ ೧೯೯೬

ಅಣ್ಣಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು. ಬರೆದಿದ್ದೇನೆ ಎಂದುಕೊಂಡು ಮುಂದೆ ಓದು.

ಸೋದರಮಾವನ ಉಡುಗೊರೆ ಎಂದು ನೀನು ಹೊರಿಸಿ ಕಳಿಸಿದ ತೊಟ್ಟಿಲು ನಡುಮನೆಯ ತೊಲೆಗೆ ಬಿದ್ದಿದೆ. ನಮ್ಮನೆಯವರು ಬಸ್ಸಿಗೆ ಒಂದು ದಿನ ಬೇರೆ ಡ್ರೈವರನ್ನು ಹಾಕಿಸಿ, ನೀನು ಹೇಳಿಕೊಟ್ಟ ಹಾಗೆ ವೈರ್ ಎಳೆದರು. ಮೈಕಿನ ಡಬ್ಬಿ ತೊಟ್ಟಿಲ ಹಗ್ಗದ ಮೇಲೆ. ಒಂದು ಬಲ್ಬು ಅಡುಗೆಮನೆಯ ಒಲೆಯ ನೆತ್ತಿಗೆ, ಇನ್ನೊಂದು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಎದುರಿಗೆ. ಕರೆಂಟು ಹೋದಾಗ ಇರಲಿ ಎಂದು ನಿನ್ನ ಉಸ್ತಾದ ಗುಲಾಮಹುಸೇನ ಮಾಮು ಕೊಟ್ಟ ಸ್ಕೂಟರ್ ಬ್ಯಾಟರಿ ಕಟ್ಟೆಯ ಕೆಳಗಿದೆ. ಅತ್ತೆ ಅದನ್ನು ದೂರದಿಂದ ಸುತ್ತು ಹಾಕಿ ಓಡಾಡುತ್ತಾರೆ, ಅಲ್ಲಿ ಕಚ್ಚುವ ನಾಯಿ ಕಟ್ಟಿದ ಹಾಗೆ.

ಮೊದಲ ಸಲ ಕೂಸು ಅಮೃತಾ ಅತ್ತಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬಲ್ಬು ಹತ್ತಿತು. ಹಿಟ್ಟಿನ ಕೈಯಲ್ಲೇ ಓಡಿದೆ. ನಿಜಕ್ಕೂ ಬಾಯಿ ಅಗಲಿಸಿ ಅಳುತ್ತಿದ್ದಳು. ಆರನೇ ವಯಸ್ಸಿನಲ್ಲಿ ಬಂದ ಜ್ವರ ನನ್ನ ಕಿವಿ ಕಿತ್ತುಕೊಂಡು ಹೋದ ಮೇಲೆ, ಬೆನ್ನ ಹಿಂದಿನಿಂದ ಒಬ್ಬರು ನನ್ನನ್ನು ಕರೆದದ್ದು ಅದೇ ಮೊದಲು. ಅವಳನ್ನು ಎತ್ತಿಕೊಂಡು ಕಣ್ಣೀರು ಹಾಕಿದೆ. ರೊಟ್ಟಿ ಕರಕಾಯಿತು, ಬೈಸಿಕೊಂಡೆ.

ಆಮೇಲೆ ಶುರುವಾಯಿತು ನೋಡು ನನ್ನ ಓಟ. ಪಕ್ಕದ ಹಿಟ್ಟಿನ ಗಿರಣಿ ತಿರುಗಿದರೆ ಬಲ್ಬು. ಅತ್ತೆ ತಂಬಿಗೆ ಬೀಳಿಸಿದರೆ ಬಲ್ಬು. ಮಾಳಿಗೆಯ ಮೇಲೆ ಕಾಗೆ ಕೂಗಿದರೂ ಬಲ್ಬು. ಬೆಳಗಿನಿಂದ ಸಂಜೆಯವರೆಗೆ ನಡುಮನೆಗೂ ಅಡುಗೆಮನೆಗೂ ಕಾಲು ಸವೆಯಿತು. ಹೋಗಿ ನೋಡಿದರೆ ನಿನ್ನ ಸೊಸೆ ಹಾಯಾಗಿ ಮಲಗಿರುತ್ತಾಳೆ. ಹೋಗದೆ ಇರೋಣವೆಂದರೆ ಈ ಸಲವೇ ನಿಜವಾದ ಅಳು ಎಂದು ಮತ್ತೆ ಓಡುತ್ತೇನೆ. ರಾತ್ರಿಯ ಚಿಂತೆ ನನಗಿಲ್ಲ, ಮಗ್ಗುಲಲ್ಲೇ ಮಲಗುತ್ತಾಳೆ, ಅತ್ತರೆ ಅವಳ ಮೈ ನಡುಗುವುದು ನನ್ನ ಮೈಗೆ ತಿಳಿಯುತ್ತದೆ. ಹಗಲೇ ಕಷ್ಟ.

ಆ ಡಬ್ಬಿಯೊಳಗೆ ಏನು ನಡೆಯುತ್ತದೆ ಎಂದು ಸರಿಯಾಗಿ ಬರೆ. ತಿಳಿದರೆ ನಾನೇ ಸರಿಮಾಡಿಕೊಳ್ಳುತ್ತೇನೆ. ಸಮಾಧಾನದ ಮಾತು ಬೇಡ.

ನಿನ್ನ ತಂಗಿ
ಪುಷ್ಪಲತಾ


ಹರಪನಹಳ್ಳಿ
೨೦ ಜೂನ್ ೧೯೯೬

ತಂಗೀ ಪುಷ್ಪಾ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ನಗಬಾರದಿತ್ತು ಅನ್ನಿಸಿತು.

ಕೇಳು. ಸದ್ದು ಅಂದರೆ ಗಾಳಿಯ ನಡುಕ. ಚಿಕ್ಕವಳಿದ್ದಾಗ ನೀನು ಡೊಳ್ಳಿಗೆ ಅಂಗೈ ಒತ್ತಿ ಬಡಿತ ತಿಳಿಯುತ್ತಿದ್ದೆಯಲ್ಲ, ಅದೇ. ಮೈಕಿನೊಳಗೆ ಉಳ್ಳಾಗಡ್ಡಿ ಪೊರೆಯಂಥ ತೆಳು ಪೊರೆ ಇದೆ. ಗಾಳಿ ನಡುಗಿದರೆ ಅದು ನಡುಗುತ್ತದೆ, ಅದು ನಡುಗಿದರೆ ಕರೆಂಟು ಏರಿಳಿಯುತ್ತದೆ. ಆ ಏರಿಳಿತ ತೀರ ಸಣ್ಣದು, ಟ್ರಾನ್ಸಿಸ್ಟರು ಅದನ್ನು ದೊಡ್ಡದು ಮಾಡುತ್ತದೆ. ಸಾಕಷ್ಟು ದೊಡ್ಡದಾಯಿತೋ, ರಿಲೇ ಎಂಬ ಕೀಲು ಟಕ್ಕನೆ ಕೂಡಿ ಬಲ್ಬು ಹತ್ತುತ್ತದೆ. ಇಂಥವಕ್ಕೆಲ್ಲ ಸೆನ್ಸರ್ ಎನ್ನುತ್ತಾರೆ. ನೀನು ದಿನಾ ಮುಟ್ಟುವ ಇಸ್ತ್ರಿ ಪೆಟ್ಟಿಗೆಯೊಳಗೂ ಒಂದಿದೆ. ಎರಡು ಬೇರೆ ಬೇರೆ ಲೋಹದ ಪಟ್ಟಿಗಳು ಅಂಟಿಕೊಂಡಿರುತ್ತವೆ. ಬಿಸಿಯಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ, ಜೋಡಿ ಡೊಂಕಾಗಿ ಕರೆಂಟು ಕಡಿಯುತ್ತದೆ. ತಣ್ಣಗಾದರೆ ಮತ್ತೆ ನೆಟ್ಟಗಾಗಿ ಕೂಡುತ್ತದೆ. ಫ್ರಿಜ್ಜು ತಾನೇ ನಿಂತು ತಾನೇ ಶುರುವಾಗುವುದೂ ಬಿಸಿ ತಂಪು ಹಿಡಿಯುವ ಇಂಥದೇ ಒಂದರಿಂದ.

ನಮ್ಮ ರಿಪೇರಿ ಅಂಗಡಿ ಮುಂದಿನ ಬೀದಿದೀಪಕ್ಕೆ ಬೆಳಕು ಹಿಡಿಯುವ ಸೆನ್ಸರ್ ಹಾಕಿದ್ದಾರೆ, ಕತ್ತಲಾದರೆ ತಾನೇ ಹತ್ತಲಿ ಎಂದು. ಮೊನ್ನೆ ಮಾಮು ಬಿಸಿಲು ತಡೆಯಲು ತಾಡಪತ್ರಿ ಕಟ್ಟಿದ, ಅದರ ನೆರಳು ಸರಿಯಾಗಿ ಆ ಸೆನ್ಸರಿನ ಮೇಲೆ ಬಿತ್ತು. ಮಟಮಟ ಮಧ್ಯಾಹ್ನ ದೀಪ ಉರಿಯಿತು. ಜನ ನಿಂತು ನೋಡಿದರು. ಮಾಮು ಹೇಳಿದ್ದು ಇಷ್ಟೇ: "ಅದರ ತಪ್ಪೇನೈತಲೇ? ಬೆಳಕು ಇಲ್ಲ ಅಂದ್ರ ಇಲ್ಲ ಅಂತೈತಿ. ಯಾಕಿಲ್ಲ ಅಂತ ನೋಡೋದು ನಮ್ಮ ಕೆಲಸ."

ನಿನ್ನ ಡಬ್ಬಿಯೂ ಹಾಗೆಯೇ. ಅದಕ್ಕೆ ಸದ್ದು ಗೊತ್ತು, ಕೂಸು ಯಾವುದು, ಕಾಗೆ ಯಾವುದು ಗೊತ್ತಿಲ್ಲ. ಹಿಂಬದಿಯಲ್ಲಿ ಸಣ್ಣ ತಿರುಪು ಇದೆ. ಎಡಕ್ಕೆ ತಿರುಗಿಸಿದರೆ ಕಿವಿ ಮಂದವಾಗುತ್ತದೆ. ಗಿರಣಿ ಓಡುವಾಗ ಬಲ್ಬು ಆರುವವರೆಗೆ ತಿರುಗಿಸಿ, ಅಲ್ಲಿಗೆ ಬಿಡು.

ಅತ್ತೆಯವರ ಜೊತೆ ವಾದ ಬೇಡ. ದೀಪಾವಳಿ ತನಕ ಹೇಗಾದರೂ ಡಬ್ಬಿ ಚೆನ್ನಾಗಿ ನಡೆಯಬೇಕು. ನಿನ್ನ ಯಜಮಾನರು ಕೊಟ್ರಸ್ವಾಮಿಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಣ್ಣ
ಗವಿಸಿದ್ದೇಶ


ಕೂಡ್ಲಿಗಿ
೧೮ ಜುಲೈ ೧೯೯೬

ಅಣ್ಣಾ,

ತಿರುಪು ತಿರುಗಿಸಿದೆ. ಗಿರಣಿ ಮತ್ತು ಕಾಗೆಯ ಕಾಟ ತಪ್ಪಿತು. ಈಗ ಮನೆಯವರ ಕಾಟ.

ಅತ್ತೆ ಒಂದು ದಿನ ತೊಟ್ಟಿಲ ಬಳಿ ನಿಂತು ಯಾರನ್ನೋ ಜೋರಾಗಿ ಕೂಗಿದ್ದಾರೆ, ಬಲ್ಬು ಹತ್ತಿ ನಾನು ಓಡಿಬಂದೆ. ಅವರ ಮುಖ ನೋಡಬೇಕಿತ್ತು. ನಾಲ್ಕು ವರ್ಷ ಈ ಮನೆಯಲ್ಲಿ ನನ್ನನ್ನು ಕರೆಯಬೇಕೆಂದರೆ ಎದ್ದು ಬಂದು ಭುಜ ಮುಟ್ಟಬೇಕಿತ್ತು. ಈಗ ಕೂತಲ್ಲಿಂದಲೇ ಆಗುತ್ತದೆ. ಚಹಾ ಬೇಕೆಂದರೆ ತೊಟ್ಟಿಲಿನತ್ತ ಒಂದು ಕೂಗು. ಎಲೆ ಅಡಿಕೆ ತಟ್ಟೆ ಬೇಕೆಂದರೆ ಒಂದು ಚಪ್ಪಾಳೆ. ಮೊದಲ ದಿನ ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಕರೆದರೆ ತಿರುಗಿ ನೋಡುವ ಸೊಸೆಯಾದೆ. ಈಗ ಆ ಬಲ್ಬು ಕಂಡರೆ ಮೈ ಉರಿಯುತ್ತದೆ. ಕೂತರೆ ಕೂರಲಾಗದು, ಊಟ ಮಾಡುವಾಗಲೂ ಕಣ್ಣು ಅದರ ಮೇಲೆ. ಕೂಸು ಕರೆದಳೋ ಚಹಾ ಕರೆಯಿತೋ ತಿಳಿಯದೆ ಓಡುತ್ತೇನೆ.

ಇಷ್ಟೇ ಆಗಿದ್ದರೆ ಇನ್ನೊಂದು ತಿರುಪು ಕೇಳಿ ಸುಮ್ಮನಾಗುತ್ತಿದ್ದೆ. ನಿನ್ನೆ ಹಿತ್ತಿಲಲ್ಲಿ ಅತ್ತೆ ಪಕ್ಕದ ಮನೆಯ ಗಾದೆಮ್ಮನ ಜೊತೆ ಮಾತಿಗೆ ನಿಂತಿದ್ದರು. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಅವರ ತುಟಿ ಓದಲು ಶಾಲೆಯಲ್ಲಿ ನನಗೆ ಅದನ್ನು ಕಲಿಸಿದ ಟೀಚರಿಗೂ ಆಗಲಿಕ್ಕಿಲ್ಲ. ನಿನ್ನೆ ಬಾಯಿ ಖಾಲಿ ಇತ್ತು. "ದೀಪಾವಳಿ ತನಕ ನೋಡಾಣು ಅಂತ ಆಕಿ ಅಣ್ಣ ಮಾತು ಕೊಟ್ಟಾನ. ಮಿಷನ್ನು ನಡಿಲಿಲ್ಲಾಂದ್ರ ಕೂಸು ಹಿರೇಹಡಗಲಿಗೆ, ನಮ್ಮ ಈರಿ ಸಾಕ್ತಾಳ."

ಈರಕ್ಕ ನನ್ನ ನಾದಿನಿ. ಒಳ್ಳೆಯವಳೇ. ಎರಡು ಗಂಡು ಮಕ್ಕಳಿದ್ದಾರೆ, ಹೆಣ್ಣು ಬೇಕೆಂಬ ಆಸೆ ಇದೆ. ಆದರೆ ಅಮೃತಾ ನನ್ನ ಮಗಳು.

ಬಾಣಂತನ ಮುಗಿಸಿ ನಮ್ಮನ್ನು ಕಳಿಸಿಕೊಟ್ಟ ದಿನ ನೆನಪು ಮಾಡಿಕೊಂಡೆ. ಹಿರಿಯರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನಾನು ಬಾಗಿಲ ಬಳಿ ಕೂಸಿನೊಂದಿಗೆ ಇದ್ದೆ. ಎಲ್ಲರ ಬಾಯಿ ನನಗೆ ಕಾಣುತ್ತಿತ್ತು, ನಿನ್ನದೊಂದನ್ನು ಬಿಟ್ಟು. ನೀನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದೆ. ಮಳೆಯ ಮೋಡ ನೋಡುತ್ತಿದ್ದೀಯ ಎಂದುಕೊಂಡೆ.

ನೀನು ಮಾತು ಕೊಟ್ಟೆಯಾ? ಕೊಟ್ಟೆ ಅಥವಾ ಇಲ್ಲ, ಎರಡರಲ್ಲಿ ಒಂದು ಬರೆ.

ಪುಷ್ಪಲತಾ


ಹರಪನಹಳ್ಳಿ
೯ ಆಗಸ್ಟ್ ೧೯೯೬

ಪುಷ್ಪಾ,

ನಿನ್ನ ತೊಂದರೆಗೆ ಉಪಾಯ ಸಿಕ್ಕಿದೆ. ಜರಡಿ ಗೊತ್ತಲ್ಲ, ನುಣುಪು ಹಿಟ್ಟು ಕೆಳಗೆ ಇಳಿಯುತ್ತದೆ, ತೌಡು ಮೇಲೆ ಉಳಿಯುತ್ತದೆ. ದನಿಗೂ ಅಂಥ ಜರಡಿ ಮಾಡಬಹುದು. ಗಾಳಿ ನಿಧಾನ ನಡುಗಿದರೆ ದಪ್ಪ ದನಿ, ಬೇಗ ಬೇಗ ನಡುಗಿದರೆ ಕೀರಲು ದನಿ. ಕೂಸಿನ ಅಳು ತುಂಬಾ ಕೀರಲು. ನಿಮ್ಮ ಅತ್ತೆಯವರದು ಗಂಡು ದನಿ, ನಿನಗೆ ಗೊತ್ತಿರಲಿಕ್ಕಿಲ್ಲ. ಸಣ್ಣ ಕಂಡೆನ್ಸರ್ ಒಂದನ್ನು ದಾರಿಯಲ್ಲಿ ಕೂರಿಸಿದರೆ ಅದು ಬೇಗ ನಡುಗುವ ಕರೆಂಟನ್ನು ಬಿಡುತ್ತದೆ, ನಿಧಾನದ್ದನ್ನು ತಡೆಯುತ್ತದೆ. ಚಪ್ಪಾಳೆ ಒಂದು ಚಣದ್ದು, ಅದಕ್ಕೆ ಬೇರೆ ಒಂದು ಕಂಡೆನ್ಸರ್. ದನಿ ಸ್ವಲ್ಪ ಹೊತ್ತು ನಿಂತರೆ ಮಾತ್ರ ಬಲ್ಬು ಹತ್ತುತ್ತದೆ.

ಮಾಮುವಿನ ಮೊಮ್ಮಗಳು ಮೆಹರೀನಳನ್ನು ತಂದು ಅಂಗಡಿಯಲ್ಲಿ ಕೂರಿಸಿ ನೋಡಿದೆವು. ಬೆಲ್ಲ ಕಸಿದುಕೊಂಡರೆ ಬಲ್ಬು ಹತ್ತಿತು, ಕೊಟ್ಟರೆ ಆರಿತು. ಮಾಮು ನಲವತ್ತು ಥರ ಕೂಗಿದ, ಹತ್ತಲಿಲ್ಲ. ತುಣುಕನ್ನು ಬಸ್ಸಿನ ಕಂಡಕ್ಟರ್ ಓಬಳೇಶನ ಕೈಯಲ್ಲಿ ಕಳಿಸಿದ್ದೇನೆ. ಎರಡು ಕಡೆ ಬೆಸುಗೆ. ಬೆಸುಗೆಯ ಕಾಯ್ದ ಕಡ್ಡಿ ಹಿಡಿಯುವುದು ನಿನಗೆ ನಾನು ಹೇಳಿಕೊಡಬೇಕಿಲ್ಲ, ಅಂಗಡಿಯಲ್ಲಿ ನನ್ನ ಪಕ್ಕ ಕೂತು ಕಲಿತವಳು ನೀನು.

ಮೈ ಕಡೆ ಲಕ್ಷ್ಯ ಇರಲಿ.

ಗವಿಸಿದ್ದೇಶ


ಕೂಡ್ಲಿಗಿ
೧೬ ಆಗಸ್ಟ್ ೧೯೯೬

ಅಣ್ಣಾ,

ತುಣುಕು ತಲುಪಿತು. ಪೊಟ್ಟಣ ಬಿಚ್ಚಿಲ್ಲ.

ನಾನು ಕಂಡೆನ್ಸರ್ ಕೇಳಿರಲಿಲ್ಲ.

ಪುಷ್ಪಲತಾ


ಹರಪನಹಳ್ಳಿ
೩೦ ಆಗಸ್ಟ್ ೧೯೯೬

ಪುಷ್ಪಾ,

ಕೊಟ್ಟೆ.

ಅವತ್ತೇ ಕೂಸನ್ನು ಈರಕ್ಕನ ಉಡಿಗೆ ಹಾಕಬೇಕೆಂದು ಅವರು ಕೂತಿದ್ದರು. ನಿಮ್ಮ ಅತ್ತೆ ಹಂಪಮ್ಮನವರು ಕೆಟ್ಟ ಮಾತೇನೂ ಆಡಲಿಲ್ಲ. "ಆಕಿ ಹಿತ್ತಲದಾಗ ಅರಿವಿ ಒಗಿಯಾಕ ಹೋದ್ರ ಕೂಸು ಅತ್ತು ಅತ್ತು ಉಸಿರು ಕಟ್ಟಿದ್ರೂ ತಿಳಿಯಂಗಿಲ್ಲಪ್ಪ" ಎಂದು ಎಲೆ ಅಡಿಕೆ ತುಂಬಿದ ಬಾಯಲ್ಲೇ ಅಂದರು. ನನ್ನ ಬಳಿ ಡಬ್ಬಿ ಇತ್ತು. ದೀಪಾವಳಿ ತನಕ ನೋಡಿ ಎಂದೆ. ನಿನಗೆ ತಿಳಿಸಿದರೆ ಅಲ್ಲೇ ಎದ್ದು ಜಗಳ ಮಾಡುತ್ತೀ, ಕೂಸು ಅಂದೇ ಹೋಗುತ್ತದೆ ಎಂದು ಹೆದರಿದೆ. ಕೊಟ್ರಸ್ವಾಮಿಯವರು ತಲೆ ಎತ್ತಲಿಲ್ಲ.

ಹಬ್ಬಕ್ಕೆ ಬಂದು ನಾನೇ ಮಾತಾಡುತ್ತೇನೆ. ಅವರು ಒಪ್ಪದಿದ್ದರೆ ಕೂಸನ್ನು ಎತ್ತಿಕೊಂಡು ಹರಪನಹಳ್ಳಿಗೆ ಬಂದುಬಿಡು. ಮನೆ ನಿನ್ನದೇ.

ಗವಿಸಿದ್ದೇಶ


ಕೂಡ್ಲಿಗಿ
೨೨ ಅಕ್ಟೋಬರ್ ೧೯೯೬

ಅಣ್ಣಾ,

ತಡವಾಗಿ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ, ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತೇನೆ.

ಅತ್ತೆ ಹೇಳಿದ್ದರಲ್ಲಿ ಸುಳ್ಳಿಲ್ಲ. ನನಗೂ ಅದೇ ಭಯ. ಆ ಭಯವನ್ನು ನನ್ನ ಮುಖ ನೋಡಿ ಹೇಳಿದ್ದರೆ ನಾನೇ ನಿಮ್ಮೆಲ್ಲರಿಗಿಂತ ಮೊದಲು ಉಪಾಯ ಹುಡುಕುತ್ತಿದ್ದೆ. ಕಿವಿ ಇಲ್ಲದವಳು ಎಂದು ಊರೆಲ್ಲ ಬೆನ್ನ ಹಿಂದೆ ಮಾತಾಡುತ್ತದೆ, ನೀನು ಆಡಬಾರದಿತ್ತು. ನನಗೆ ನೋವಾಗಿದೆ. ಹಬ್ಬಕ್ಕೆ ಬರಬೇಡ. ನನ್ನ ಮಗಳ ವಿಷಯ ನಾನೇ ಮಾತಾಡುತ್ತೇನೆ. ನನ್ನ ಮಾತು ಒಡಕು, ಅರ್ಧ ಜನಕ್ಕೆ ತಿಳಿಯುವುದಿಲ್ಲ. ಎರಡು ಸಲ ಹೇಳುತ್ತೇನೆ.

ನಿನ್ನ ಜರಡಿಯನ್ನು ಕೊನೆಗೂ ಕೂರಿಸಿದೆ. ಓಣಿಯ ತಗಡು ಕೆಲಸದವರ ಬೆಸುಗೆ ಕಡ್ಡಿ ಇಸಿದುಕೊಂಡು ನಾನೇ ಬೆಸುಗೆ ಹಾಕಿದೆ. ಅಮೃತಾ ಅತ್ತರೆ ಹತ್ತುತ್ತದೆ, ಉಳಿದದ್ದಕ್ಕೆ ಇಲ್ಲ. ಮೊದಲ ದಿನ ಅತ್ತೆ ಕೂಗಿ ಕೂಗಿ ಸೋತು ಎದ್ದು ಬಂದು ಭುಜ ಹಿಡಿದು ತಿರುಗಿಸಿದರು. ಇನ್ನು ಕೂಸಿನ ಕೀರಲು ಅಳುವಿಗೆ ಮಾತ್ರ ಹತ್ತುತ್ತದೆ ಎಂದು ನಮ್ಮನೆಯವರು ತಿಳಿಸಿ ಹೇಳಿದರು. ಅತ್ತೆಗೆ ಅವಮಾನವಾಯಿತು. ಸೊಸೆ ಬೇಕೆಂದೇ ತಮ್ಮ ದನಿಗೆ ಬಾಗಿಲು ಹಾಕಿದಳು ಎಂದು ಗಾದೆಮ್ಮನಿಗೆ ಹೇಳಿಕೊಂಡು ಕಣ್ಣೊರೆಸಿಕೊಂಡರು. ಒಂದು ಮಾತಿಗೆ ಅದು ನಿಜವೇ. ಈಗ ಒಂದು ತಿಂಗಳಿನಿಂದ ನಮ್ಮಿಬ್ಬರಲ್ಲಿ ಮಾತಿಲ್ಲ. ಊಟಕ್ಕೆ ಇಟ್ಟರೆ ತಟ್ಟೆಯನ್ನು ನೋಡುತ್ತಾರೆ, ನನ್ನನ್ನಲ್ಲ.

ಈರಕ್ಕ ಬಂದು ಎಂಟು ದಿನ ಇದ್ದು ಹೋದಳು. ಕೂಸಿಗೆ ಶೀಶೆಯಲ್ಲಿ ಆಕಳ ಹಾಲು ರೂಢಿ ಮಾಡಿಸಿದಳು. ಅಮೃತಾ ಅವಳ ಕೊರಳಿಗೆ ಕೈ ಹಾಕಿ ನಗುತ್ತಿದ್ದಳು, ನಾನು ಹಿತ್ತಿಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ನಮ್ಮನೆಯವರನ್ನು ಕೇಳಿದರೆ "ಅವ್ವ ಹೇಳಿದಂಗ ಆಗ್ಲಿ" ಎನ್ನುತ್ತಾರೆ. ಬಸ್ಸು ನಡೆಸುವವರು, ಹೊಸಹಳ್ಳಿ ತಿರುವಿನಲ್ಲಿ ಯಾರ ಮಾತೂ ಕೇಳದೆ ತಿರುಗಿಸುತ್ತಾರಂತೆ. ಮನೆಯಲ್ಲಿ ಅವ್ವನೇ ಡ್ರೈವರ್.

ಡಬ್ಬಿ ಒಂದು ಸಲವೂ ತಪ್ಪಬಾರದು. ತಪ್ಪುವುದನ್ನೇ ಎಲ್ಲರೂ ಕಾಯುತ್ತಿದ್ದಾರೆ.

ಪುಷ್ಪಲತಾ


ಕೂಡ್ಲಿಗಿ
೧೭ ನವೆಂಬರ್ ೧೯೯೬

ಅಣ್ಣಾ,

ಕೂತು ಓದು. ಉದ್ದವಿದೆ.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ನಾನು ಬೆಳಗಿನಿಂದ ಒಲೆಯ ಮುಂದೆ. ನಮ್ಮನೆಯವರು ಹೊಸಪೇಟೆ ಬಸ್ಸಿಗೆ ಹೋಗಿದ್ದರು. ಅತ್ತೆ ಬಚ್ಚಲಲ್ಲಿ ಹಂಡೆ ತಿಕ್ಕುತ್ತಿದ್ದರು. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಹೊಸ ನೀರು ತುಂಬಿಸುವುದನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಬಚ್ಚಲಿಗೂ ತೊಟ್ಟಿಲಿರುವ ನಡುಮನೆಗೂ ನಡುವೆ ಒಂದೇ ಗೋಡೆ, ಅದೂ ಮೇಲಿನ ತನಕ ಇಲ್ಲ.

ಬಲ್ಬು ಹತ್ತಿತು. ಹೋದೆ. ಅಮೃತಾ ಅಳುತ್ತಿರಲಿಲ್ಲ. ಎಚ್ಚರವಾಗಿ, ಕಾಲಿನ ಹೆಬ್ಬೆರಳು ಹಿಡಿದುಕೊಂಡಿದ್ದಳು. ಅತ್ತು ಸುಮ್ಮನಾಗಿರಬೇಕು ಎಂದು ಮುದ್ದಿಟ್ಟು ವಾಪಸ್ ಬಂದೆ. ಮತ್ತೆ ಹತ್ತಿತು. ಮತ್ತೆ ಹೋದೆ. ಕಣ್ಣಲ್ಲಿ ನೀರಿಲ್ಲ, ಗಲ್ಲ ಒಣಗಿದೆ. ಮೂರನೆಯ ಸಲವೂ ಹತ್ತಿತು. ಡಬ್ಬಿ ಕೆಟ್ಟಿದೆ. ಇಷ್ಟು ತಿಂಗಳು ನಡೆದು, ಹಬ್ಬ ಮನೆ ಬಾಗಿಲಿಗೆ ಬಂದಾಗ ಕೆಟ್ಟಿದೆ. ಈರಕ್ಕ ಪಾಡ್ಯದ ದಿನ ಬರುವವಳಿದ್ದಳು. ಯಾರೂ ನೋಡುವ ಮೊದಲು ವೈರ್ ಕಿತ್ತು, ಬ್ಯಾಟರಿ ಇಳಿದಿದೆ ಎಂದು ಸುಳ್ಳು ಹೇಳೋಣ ಎಂದು ಸ್ಟೂಲ್ ಹತ್ತಿದೆ. ವೈರಿಗೆ ಕೈ ಹಾಕಿದೆ.

ಕೀಳುವ ಮುಂಚೆ ಕೂಸಿನ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕುತ್ತಿಗೆ ತಿರುಗಿಸಿ ಬಚ್ಚಲ ಗೋಡೆಯನ್ನೇ ನೋಡುತ್ತಿದ್ದಳು. ಕೈ ಬೀಸಿದೆ, ಚಿಟಿಕೆ ಹಾಕಿದೆ, ತಿರುಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಾಣುತ್ತಿದ್ದ ಬಲ್ಬು ಆರಿತು, ಅವಳ ಕಣ್ಣು ನನ್ನ ಕಡೆ ಬಂತು. ಡಬ್ಬಿಯ ಕೀಲು ಮತ್ತೆ ಮಿಡಿದು ನನ್ನ ಬೆರಳಿಗೆ ತಾಗಿತು, ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು. ಡಬ್ಬಿ ಕೆಟ್ಟಿರಲಿಲ್ಲ ಅಣ್ಣಾ. ಗೋಡೆಯ ಆಚೆ ಏನೋ ಇತ್ತು.

ಬಚ್ಚಲ ಬಾಗಿಲು ತಳ್ಳಿದೆ. ಅತ್ತೆ ಕೆಮ್ಮಣ್ಣಿನ ರಾಡಿಯಲ್ಲಿ ಬಿದ್ದಿದ್ದರು. ಒಂದು ಕಾಲು ಮಡಚಬಾರದ ಕಡೆಗೆ ಮಡಚಿತ್ತು, ಹಂಡೆ ಅದರ ಮೇಲೆ ಉರುಳಿತ್ತು. ಬಾಯಿ ಪೂರ್ತಿ ತೆರೆದು, ಕೊರಳಿನ ನರ ಉಬ್ಬಿಸಿ, ಕಣ್ಣು ಮುಚ್ಚಿ ಅಳುತ್ತಿದ್ದರು. ಅದು ದೊಡ್ಡವರು ಅಳುವ ಬಾಯಲ್ಲ. ಅಮೃತಾಳ ಬಾಯಿ ಹಸಿವಾದಾಗ ಹೇಗಿರುತ್ತದೋ ಹಾಗಿತ್ತು. ನಾನು ಕೈ ಮುಟ್ಟಿದ ಮೇಲೆ ಬಾಯಿ ಮುಚ್ಚಿದರು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡರು, ನಾಚಿಕೆಯಿಂದ.

ಹಂಡೆ ಸರಿಸಿ, ಗಾದೆಮ್ಮನ ಮನೆಯವರನ್ನು ಕರೆದು, ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಕಾಲಿನ ಮೂಳೆ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ಬಿದ್ದ ಮೇಲೆ ಮೊದಲು ತಮ್ಮ ದನಿಯಲ್ಲೇ ಕೂಗಿದರಂತೆ. ಗಿರಣಿ ಓಡುತ್ತಿತ್ತು, ಓಣಿಯವರಿಗೆ ಕೇಳಲಿಲ್ಲ. ಮಗನಿಗೆ ಆಸ್ಪತ್ರೆಯಲ್ಲಿ ಇಷ್ಟು ಹೇಳಿದರು. ಆಮೇಲೆ ಹೇಗೆ ಕೂಗಿದೆ ಎಂದು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಈರಕ್ಕ ಪಾಡ್ಯಕ್ಕೆ ಬಂದಳು. ಕೂಸಿನ ಬಟ್ಟೆ ಇಡಲು ಹೊಸ ತಗಡಿನ ಪೆಟ್ಟಿಗೆ ತಂದಿದ್ದಳು. ಮರುದಿನ ಅತ್ತೆಯನ್ನು ಮನೆಗೆ ಕರೆತಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿದೆವು, ಅಲ್ಲೇ ಮಾತು ಶುರುವಾಯಿತು. ಎಲ್ಲರ ಮುಖ ಕಾಣುವ ಜಾಗದಲ್ಲಿ ನಾನು ನಿಂತೆ. ನನ್ನ ಮಗಳನ್ನು ಕೊಡುವುದಿಲ್ಲ ಎಂದೆ. ಎರಡು ಸಲ ಹೇಳಿದೆ. ಎರಡನೆಯ ಸಲ ಹೇಳುವಾಗ ನಮ್ಮನೆಯವರು ಎದ್ದು ಬಂದು ನನ್ನ ಪಕ್ಕ ನಿಂತರು. ಅವರಿಗೆ ಅಷ್ಟೇ ಆಗುವುದು.

ಈರಕ್ಕ ಸಿಟ್ಟಾಗಲಿಲ್ಲ. ಅವ್ವನ ಕಡೆ ತಿರುಗಿ, "ಒಂದು ಡಬ್ಬಿ ನಂಬಿ ಹೆಂಗ ಬಿಡಾದು ಅವ್ವಾ? ಕೂಸು ಅತ್ರ ಆಕಿಗೆ ಕೇಳಂಗಿಲ್ಲ" ಎಂದಳು.

ಅತ್ತೆ ಮಡಿಸಿದ ಎಲೆ ಬಾಯಿಗೆ ಇಡುವವರಿದ್ದರು. ಇಡಲಿಲ್ಲ, ತಟ್ಟೆಗೆ ಹಾಕಿದರು. ಮಗಳಿಗೆ ಹೇಳಬೇಕಾದ ಮಾತನ್ನು ನನ್ನ ಕಡೆ ನೋಡಿಕೊಂಡು, ತುಟಿ ನಿಧಾನ ಮಾಡಿ ಹೇಳಿದರು.

"ನಾನು ಅತ್ತಿದ್ದು ಆಕಿಗೆ ಕೇಳೈತಿ."

ಈರಕ್ಕ ಸಂಜೆಯವರೆಗೆ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಮರುದಿನದ ಬಸ್ಸಿಗೆ ಹೋಗುವಾಗ ಪೆಟ್ಟಿಗೆಯನ್ನು ಇಲ್ಲೇ ಬಿಟ್ಟಳು, ಕೂಸಿನ ಬಟ್ಟೆಗೆ ಇರಲಿ ಎಂದಳು.

ಈಗ ಬಾ. ಮಾತಾಡುವುದೇನೂ ಉಳಿದಿಲ್ಲ, ಊಟಕ್ಕೆ ಬಾ. ಬರುವಾಗ ಇನ್ನೊಂದು ಮೈಕು, ಇನ್ನೊಂದು ಬಲ್ಬು ತಾ, ಬೇರೆ ಬಣ್ಣದ್ದು. ದಪ್ಪ ದನಿಗೆ ಹತ್ತುವ ಹಾಗೆ ಮಾಡು. ಅತ್ತೆಯ ಮಂಚಕ್ಕೆ ಕಟ್ಟಬೇಕು.

ನಿನ್ನ ತಂಗಿ
ಪುಷ್ಪಲತಾ